ಕಾಲೇಜು ವಿದ್ಯಾರ್ಥಿಯ ಮನೋವ್ಯಥೆಯಲ್ಲಿ ನೆರವಾಗತಕ್ಕ ಕ್ರಮ

ನಮ್ಮ ಹಳ್ಳಿಗಳಿಂದ ಪಟ್ಟಣದ ಕಾಲೇಜಿಗೆ ಹೋಗುವ ಮಕ್ಕಳು ಅನೇಕರು. ಅವರಲ್ಲಿ ಒಬ್ಬನು ರಜೆಗೆ ಬಂದು ಊಟನಿದ್ರೆಗಳನ್ನು ಬಿಟ್ಟು, ಜೊತೆಗಾರರನ್ನು ಕಾಣಲೊಲ್ಲದೆ, ತನಗೆ ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಟ್ಟು, "ನಾನಿದ್ದು ಯಾರಿಗೇನು ಪ್ರಯೋಜನ" ಎಂದು ಮಾತಾಡಿದರೆ ಅದನ್ನು ಸೋಮಾರಿತನವೆಂದು ಎಣಿಸಬಾರದು. ವಿಶ್ವಾಸ ಕುಂದಿದ್ದರಿಂದ ಹೀಗಾಯಿತೆಂದು ತೀರ್ಪು ಕೊಡುವದು ಇನ್ನೂ ಕೆಟ್ಟದ್ದು. ಜ್ವರ ಬಂದವನಿಗೆ ಯಾರೂ ಹಾಗೆ ಹೇಳುವದಿಲ್ಲವಷ್ಟೆ.

ಮೊದಲು ಮಾಡತಕ್ಕದ್ದೇನು? ಏಕಾಂತದಲ್ಲಿ ಅವನ ಬಳಿ ಕೂತು, "ಸಾಯಬೇಕೆಂಬ ಯೋಚನೆ ನಿನಗೆ ಬರುತ್ತದೋ, ಮಗನೇ?" ಎಂದು ನೇರವಾಗಿ ಕೇಳಬೇಕು. ಈ ಮಾತಿಗೆ ಹಿರಿಯರು ಅಂಜುತ್ತಾರೆ. ಇಲ್ಲದ ಯೋಚನೆಯನ್ನು ನಾವೇ ಬಿತ್ತಿದ ಹಾಗಾದೀತೆಂಬದು ಅವರ ಭಯ. ಈ ವಿಷಯವನ್ನು ಶೋಧಿಸಿದ ವೈದ್ಯರು ಆ ಭಯಕ್ಕೆ ಆಧಾರವನ್ನು ಕಾಣಲಿಲ್ಲ. ಒಬ್ಬನೇ ಹೊತ್ತು ಬಂದ ಭಾರಕ್ಕೆ ದಾರಿಯಲ್ಲಿ ಒಂದು ಹೊರೆಗಲ್ಲು ಸಿಕ್ಕಿದಂತೆ ಅವನಿಗೆ ಆಗುವದುಂಟು.

ಅವನು "ಹೌದು" ಅಂದಾಗ ಬೈಗಳೂ ಬೇಡ, ಬೋಧನೆಯೂ ಬೇಡ. ಹೆತ್ತವರು ಪಟ್ಟ ಕಷ್ಟವನ್ನೂ ಕಟ್ಟಿದ ಫೀಸನ್ನೂ ಎತ್ತಿ ಆಡಬಾರದು; ಆ ಲೆಕ್ಕವನ್ನು ಅವನು ರಾತ್ರಿಯೆಲ್ಲಾ ಮಾಡಿಯೇ ಇದ್ದಾನು. ಯಾರಿಗೂ ಹೇಳಬೇಡಿರೆಂದು ಬೇಡಿಕೊಂಡರೆ ಮಾತು ಕೊಡತಕ್ಕದ್ದಲ್ಲ. ಊರಿಗೆಲ್ಲಾ ಸಾರತಕ್ಕದ್ದೂ ಅಲ್ಲ. ಯಾರಿಗೆ ತಿಳಿಸಬೇಕೆಂಬದನ್ನು ಅವನೊಂದಿಗೆ ಕೂಡಿಯೇ ಗೊತ್ತುಮಾಡಬಹುದು. ಅವನು ನಂಬುವವರಲ್ಲಿ ಒಬ್ಬರು ರಾತ್ರಿಹಗಲು ಜೊತೆಗಿರಲಿ. ಒಕ್ಕಲುಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧವು ಅಟ್ಟದ ಮೇಲೋ ಬಾಗಿಲ ಮರೆಯಲ್ಲೋ ಬಿದ್ದಿರುತ್ತದೆ. ಅದನ್ನು ಆ ದಿನವೇ ಬೇರೆ ಕಡೆಗೆ ಸಾಗಿಸಿ ಬೀಗದಲ್ಲಿಡಬೇಕು. ಯಾಕಂದರೆ ಸಾವಿನ ಯೋಚನೆಯ ಉಗ್ರತೆ ಅನೇಕರಲ್ಲಿ ಏರಿ ಇಳಿಯುವಂಥಾದ್ದು. ಆ ಹೊತ್ತನ್ನು ದಾಟಿಸಿದರೆ ಪ್ರಾಣ ಉಳಿಯುವದುಂಟು.

ಆಮೇಲೆ ವೈದ್ಯರ ಕೆಲಸ. ಕೇಂದ್ರ ಸರಕಾರವು 2022ನೇ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಫೋನುಮಾಡಿದರೆ, ಹಗಲಿರುಳು, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು; ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಆಸ್ಪತ್ರೆಗಳೂ ಉಂಟು. ಅವನು ತನಗೆ ಅಪಾಯ ಮಾಡಿಕೊಂಡಿದ್ದರೆ ತಡಮಾಡದೆ 108ಕ್ಕೆ ತಿಳಿಸಬೇಕು. ಪೊಲೀಸರ ಭಯದಿಂದ ಬಾಗಿಲು ಮುಚ್ಚಿಕೊಳ್ಳುವವರು ಇದನ್ನು ಅರಿಯಲಿ: 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೇ ಕಲಮು, ಅಂಥವನನ್ನು ತೀವ್ರ ಮನಃಕ್ಲೇಶದಲ್ಲಿ ಇದ್ದವನೆಂದೇ ಭಾವಿಸಿ, ಶಿಕ್ಷೆಯಿಂದ ಕಾಪಾಡುತ್ತದೆ.

ಮನಸ್ಸಿನ ಕುಗ್ಗುವಿಕೆಗೆ ಕೊಟ್ಟ ಗುಳಿಗೆಗಳ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನದಲ್ಲಿ ಗುಣವಾಗಲಿಲ್ಲವೆಂದು ಬಿಡಿಸುವ ಮನೆಯವರು ಉಂಟು. ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು. ಕಾಲೇಜಿಗೆ ಹಿಂದಿರುಗುವ ಅವಸರವೂ ಬೇಡ. ಹಿಂದಿರುಗಿದ ಮೇಲೆ ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ವಿಚಾರಿಸುತ್ತಿರಬೇಕು, ಅಂಕಗಳನ್ನಲ್ಲ, ನಿದ್ರೆ ಬಂತೋ ಊಟ ಸೇರಿತೋ ಎಂದು.