ಕಳೆದುಕೊಂಡ ಎತ್ತರ ಮೊದಲು

ಮಗಾ, ಹಳೇ ಜಿಪ್ಸಿ ತಂದಿದ್ದೀಯ, ಸಂತೋಷ. ಹಿಂದೆ ಮುಂದೆ ಕಮಾನು, ಗಟ್ಟಿ ಆಕ್ಸಲ್, ಕೈಗೆ ಎಟುಕುವ ಬೋಲ್ಟುಗಳು. ಅಂಗಳದಲ್ಲೇ ಬಿಚ್ಚಿ ಕಟ್ಟಿ ಕಲಿಯೋದಕ್ಕೆ ಇಷ್ಟು ಸರಳವಾದ ಗಾಡಿ ಈಗ ಶೋರೂಮಿನಲ್ಲಿ ಸಿಗೋದಿಲ್ಲ. ಆದರೆ ಅದನ್ನು ನಾಲ್ಕು ಇಂಚು ಎತ್ತುತ್ತೇನೆ ಅಂತಿದ್ದೀಯಲ್ಲ, ಅದಕ್ಕೆ ಈ ಮಾತು.

ಒಂದು ಸಲ ಗಾಡಿ ಕೆಳಗೆ ಬಗ್ಗಿ ನೋಡು. ನೆಲಕ್ಕೆ ಹತ್ತಿರ ಇರೋದು ಡಿಫರೆನ್ಷಿಯಲ್ ಗುಂಡು, ಕಮಾನು ಬಿಗಿದಿರುವ ಪ್ಲೇಟು. ಮಂಚನಬೆಲೆ ಹಿನ್ನೀರಿನ ಕೆಸರಲ್ಲಿ ಹೂತುಕೊಳ್ಳೋದು, ಕನಕಪುರದ ಕಡೆ ಬಂಡೆಗೆ ತಾಗೋದು ಅವೇ. ಶ್ಯಾಕಲ್ ಉದ್ದ ಮಾಡು, ಬಾಗು ಜಾಸ್ತಿ ಇರುವ ಕಮಾನು ಹಾಕು, ಬಾಡಿ ಮೇಲೇಳುತ್ತದೆ, ಗುಂಡು ಇದ್ದಲ್ಲೇ ಇರುತ್ತದೆ. ಗುಂಡನ್ನು ಎತ್ತೋದು ಟೈರ್ ಮಾತ್ರ. ಟೈರಿನ ಎತ್ತರ ಒಂದು ಇಂಚು ಹೆಚ್ಚಿದರೆ ಅಲ್ಲಿ ಸಿಗೋದು ಅರ್ಧ ಇಂಚು.

ಎತ್ತಿದ್ದಕ್ಕೆ ಗಾಡಿ ಬೇರೆ ಕಡೆ ಲೆಕ್ಕ ಕೇಳುತ್ತದೆ. ಮುಂದಿನ ಶ್ಯಾಕಲ್ ಉದ್ದವಾದರೆ ಕ್ಯಾಸ್ಟರ್ ಕೋನ ಕುಗ್ಗಿ, ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋದಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಕ್ರಾಸ್‌ಗಳು ಬೇಗ ಸವೆಯುತ್ತವೆ. ಚಕ್ರ ಕೆಳಕ್ಕೆ ಜೋತಾಗ ಬ್ರೇಕ್ ಹೋಸ್ ಎಳೆದು ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಗಲ ಕಡಿಮೆ ಇರುವ ಗಾಡಿಯ ಭಾರ ಮೇಲಕ್ಕೆ ಹೋಗುತ್ತದೆ. ತೋಟದ ದಾರಿಯಲ್ಲಿ ಅದು ಗೊತ್ತಾಗೋದಿಲ್ಲ, ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಒಮ್ಮೆ ಸರಕ್ಕನೆ ಲೇನ್ ಬದಲಿಸಿದಾಗ ಗೊತ್ತಾಗುತ್ತದೆ.

ಕಾನೂನೂ ನಿನ್ನ ಕಡೆ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಹೇಳಿತು. ‘ತೋಟದಲ್ಲಿ ತಾನೇ ಓಡಿಸೋದು’ ಅನ್ನಬೇಡ, ಮನೆಯಿಂದ ತೋಟಕ್ಕೆ ಹೋಗೋದು ಸರ್ಕಾರಿ ರಸ್ತೆಯಲ್ಲೇ. ರಾಮದೇವರ ಬೆಟ್ಟದ ರಣಹದ್ದು ಧಾಮಕ್ಕೂ ಸಂಗಮದ ಕಡೆಯ ಕಾವೇರಿ ವನ್ಯಧಾಮಕ್ಕೂ ಗಾಡಿ ನುಗ್ಗಿಸುವ ಯೋಚನೆಯಂತೂ ಬೇಡ.

ಹಾಗಾದರೆ ಏನು ಮಾಡಲಿ ಅಂತೀಯ. ಟೇಪ್ ಹಿಡಿದು ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆ. ಇಷ್ಟು ಹಳೇ ಗಾಡಿಯ ಕಮಾನು ಜಗ್ಗದೆ ಇರೋದು ಅಪರೂಪ. ಕಂಪನಿ ಅಳತೆಯದೇ ಹೊಸ ಕಮಾನು, ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಕಿ ಕಳೆದುಹೋದ ಎತ್ತರ ಮೊದಲು ವಾಪಸ್ ತಗೋ. ಅದೇ ಅಳತೆಯಲ್ಲಿ ಒಳ್ಳೆ ಹಲ್ಲಿರುವ ಟೈರ್ ಹಾಕು. ನಮ್ಮ ಕಡೆ ಮಾವಿನ ಕ್ರೇಟ್ ಹೊರಲು ಜೀಪಿಗೆ ಒಂದು ಪಟ್ಟಿ ಜಾಸ್ತಿ ಸೇರಿಸುತ್ತಾರೆ, ನೀನು ಅದನ್ನು ಮಾಡಬೇಡ. ಖಾಲಿ ಗಾಡಿಯಲ್ಲಿ ಆ ಕಮಾನು ಬಾಗೋದೇ ಇಲ್ಲ, ಹಳ್ಳದಲ್ಲಿ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ.

ಈ ಕೆಲಸ ಮನೆಯಲ್ಲಿ ಧಾರಾಳವಾಗಿ ಮಾಡಬಹುದು. ಮಟ್ಟದ ಸಿಮೆಂಟ್ ನೆಲ ಬೇಕು. ರಾಮನಗರದಲ್ಲಿ ಸೈಜುಗಲ್ಲು ಬೀದಿ ಬೀದಿಗೆ ಬಿದ್ದಿರುತ್ತದೆ, ಚಕ್ರಕ್ಕೆ ಒತ್ತುಕೊಡಲು ಇಟ್ಟುಕೋ. ಚಾಸಿ ಕೆಳಗೆ ಮಾತ್ರ ಕಲ್ಲೂ ಬೇಡ, ಹಾಲೋ ಬ್ಲಾಕೂ ಬೇಡ. ಕಲ್ಲಿನ ಅಟ್ಟಿ ಜಾರುತ್ತದೆ, ಬ್ಲಾಕು ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಜಾಕ್ ಇರೋದು ಎತ್ತೋದಕ್ಕೆ, ಹೊತ್ತು ನಿಲ್ಲೋದಕ್ಕೆ ಸ್ಟ್ಯಾಂಡೇ ಬೇಕು. ಇನ್ನೊಂದು ಜಾಕ್ ಆಕ್ಸಲ್ ಕೆಳಗಿರಲಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡು. ಒಂದು ಕಡೆ ಪೂರ್ತಿ ಮುಗಿದ ಮೇಲೆ ಇನ್ನೊಂದು ಕಡೆ ಬಿಚ್ಚು, ಆಕ್ಸಲ್ ಕದಲುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ತೂತಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಟ್ಟು ನೋಡು. ಹಳೇ ಯೂ ಬೋಲ್ಟ್ ಮತ್ತೆ ಹಾಕಬೇಡ. ಬುಷ್ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೇ ಬಿಗಿ ಮಾಡು, ಗಾಳಿಯಲ್ಲಿ ಬಿಗಿದರೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಮಾಗಡಿವರೆಗೆ ಹೋಗಿ ಬಂದು ಯೂ ಬೋಲ್ಟ್ ಮತ್ತೊಮ್ಮೆ ಬಿಗಿ, ಆಮೇಲೆ ಅಲೈನ್‌ಮೆಂಟ್ ಮಾಡಿಸು.

ಒಬ್ಬನೇ ಇರುವಾಗ ಗಾಡಿ ಕೆಳಗೆ ತಲೆ ಹಾಕಬೇಡ. ಭಾನುವಾರ ಫೋನ್ ಮಾಡು, ಸ್ಟ್ಯಾಂಡ್ ನಾನೇ ತರ್ತೀನಿ.