ಆಡಿನ ಕಾವಲಿಗೆ ನಾಯಿಮರಿ



ಗುಂಜೋಟಿ ಭಾಗದಲ್ಲಿ ಕಬ್ಬಿನ ಜೊತೆಗೆ ಉಸ್ಮಾನಾಬಾದಿ ಆಡು ಸಾಕುವವರು ತೋಳ, ಬೀದಿನಾಯಿಗಳ ಕಾಟಕ್ಕೆ ನಾಯಿಮರಿ ತರುತ್ತಾರೆ. ಮುಧೋಳ ತಳಿ ಬೇಟೆಯದು. ಓಡುವುದನ್ನು ಬೆನ್ನಟ್ಟುವುದೇ ಅದರ ಗುಣ. ಕಾವಲಿಗೆ ಕುರುಬರ ಹಿಂಡಿನಲ್ಲೇ ಹುಟ್ಟಿದ ಮರಿ ಮೇಲು.

ಮರಿಯನ್ನು 8 ವಾರವಾದ ಮೇಲೆಯೇ ತಾಯಿಯಿಂದ ಬಿಡಿಸಿ, ದಡ್ಡಿಯ ಒಂದು ಮೂಲೆಯಲ್ಲಿ ಜಾಲರಿ ಕಟ್ಟಿ ಇರಿಸಬೇಕು. ಆಡುಗಳ ವಾಸನೆ ಅದಕ್ಕೆ ರೂಢಿಯಾಗುತ್ತದೆ. ಹಾಯುವ ಆಡಿನ ಭಯವೂ ಇರದು. ದಿನಕ್ಕೆರಡು ಸಲ ನಿಮ್ಮ ಕಣ್ಣೆದುರಿಗೇ ಹೊರಬಿಡಿರಿ. ಆಡನ್ನು ಬೆನ್ನಟ್ಟಿದರೆ, ಕಿವಿ ಕಚ್ಚಿದರೆ ಗದರಿಸಿ ಕಟ್ಟಿರಿ, ಹೊಡೆಯಬೇಡಿರಿ. ಒಂದೂವರೆ-ಎರಡು ವರ್ಷವಾಗುವವರೆಗೆ ಎಳೆಯ ಆಡುಮರಿಗಳನ್ನು ಅದರ ವಶಕ್ಕೆ ಬಿಡತಕ್ಕದ್ದಲ್ಲ.

3 ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ ಹಾಕಿಸಬೇಕು. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ದವಾಖಾನೆಗೆ ಹೋಗತಕ್ಕದ್ದು.