ಹಳೆಯ ಸಿ.ಎಫ್.ಎಲ್. ಬಲ್ಬನ್ನು ಕಸಕ್ಕೆ ಎಸೆಯುವ ಮುನ್ನ



ಕರೆಂಟು ಬಿಲ್ಲು ಇಳಿಯಲೆಂದು ಒಂದು ಕಾಲದಲ್ಲಿ ನಾವು ಹಳದಿ ಬಲ್ಬು ತೆಗೆದು ಸಿ.ಎಫ್.ಎಲ್. ಹಾಕಿದೆವು. 60 ವಾಟಿನ ಬೆಳಕು ಸುಮಾರು 15 ವಾಟಿನಲ್ಲೇ ಸಿಕ್ಕಿತು. ಈಗ ಅದರ ಜಾಗಕ್ಕೆ ಎಲ್.ಇ.ಡಿ. ಬಂದಿದೆ. ವಿಲೆ ಪಾರ್ಲೆಯಂಥ ಕಡೆ ನಮ್ಮ ಜಾಗ ಸಣ್ಣದು, ಅಟ್ಟವೇ ಗೋದಾಮು. ಅಲ್ಲಿ ಉಳಿದಿರುವ ಹಳೆಯ ಸಿ.ಎಫ್.ಎಲ್. ಮತ್ತು ಟ್ಯೂಬ್‌ಲೈಟುಗಳನ್ನು ಏನು ಮಾಡಬೇಕು?

ಒಳಗೇನಿದೆ?

ಇವುಗಳ ಒಳಗೆ ಪಾದರಸ ಇದೆ. ಅದರ ಆವಿಯಿಂದ ಹೊರಡುವ ಕಾಣದ ಕಿರಣ ಗಾಜಿನ ಒಳಮೈಯ ಬಿಳಿ ಪುಡಿಗೆ ತಾಗಿದಾಗಲೇ ಬೆಳಕು. ಒಂದು ಬಲ್ಬಿನಲ್ಲಿರುವುದು ಕೆಲವೇ ಮಿಲಿಗ್ರಾಂ. ಆದರೆ ಪಾದರಸ ನಾಶವಾಗುವ ವಸ್ತುವಲ್ಲ. ಒಡೆದ ಬಲ್ಬಿನಿಂದ ಸ್ವಲ್ಪ ಗಾಳಿಗೆ ಸೇರುತ್ತದೆ, ಉಳಿದದ್ದು ಕಸದ ಗುಡ್ಡೆಗೆ. ದೇವನಾರ್, ಕಾಂಜೂರ್‌ಮಾರ್ಗದ ಗುಡ್ಡೆಗಳೆರಡೂ ಥಾಣೆ ಖಾಡಿಯ ಬದಿಯಲ್ಲಿವೆ. ನೀರಿಗಿಳಿದ ಪಾದರಸ ಸೂಕ್ಷ್ಮಜೀವಿಗಳಿಂದ ಇನ್ನೂ ಕೆಟ್ಟ ವಿಷವಾಗಿ ಮೀನಿನ ಮೈಯಲ್ಲಿ ಕೂಡುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಮೀನಿನ ಮೂಲಕ ಜನರಿಗೆ ತಲುಪಿತು. ಆ ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ಆ ಊರಿನ ಹೆಸರಿನ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅಂಗೀಕರಿಸಿತು. ಇಂಥ ದೀಪಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಬೇಕೆಂದು ಒಪ್ಪಂದದ ರಾಷ್ಟ್ರಗಳು 2023ರಲ್ಲಿ ತೀರ್ಮಾನಿಸಿದವು.

ಹಾಗೆಂದು ಕರೆಂಟು ಉಳಿಸಿದ್ದು ತಪ್ಪಲ್ಲ. ಕಲ್ಲಿದ್ದಲು ಸುಟ್ಟಾಗಲೂ ಪಾದರಸ ಹೊರಬರುತ್ತದೆ. ಉಳಿಸಿದಷ್ಟು ಅದೂ ಕಡಿಮೆ. ತೊಂದರೆ ಇರುವುದು ನಾವು ಬಲ್ಬನ್ನು ಎಸೆಯುವ ರೀತಿಯಲ್ಲಿ.

ಅಡುಗೆಮನೆಯಲ್ಲಿ ಒಡೆದರೆ

1. ಎಲ್ಲರನ್ನೂ ಹೊರಗೆ ಕಳುಹಿಸಿ, ಕಿಟಕಿ ಬಾಗಿಲು ತೆರೆದು, ಫ್ಯಾನ್ ಮತ್ತು ಎ.ಸಿ. ನಿಲ್ಲಿಸಿ 10–15 ನಿಮಿಷ ಬಿಡಿ.

2. ಹಿಡಿಸೂಡಿಯಿಂದ ಗುಡಿಸಬೇಡಿ, ಪುಡಿ ಹರಡುತ್ತದೆ. ಕೈಗವಸು ಹಾಕಿ, ಗಟ್ಟಿ ರಟ್ಟಿನಿಂದ ಚೂರು ಬಾಚಿ, ಅಂಟು ಟೇಪಿನಿಂದ ಪುಡಿ ಎತ್ತಿ, ಒದ್ದೆ ಕಾಗದದಿಂದ ಒರೆಸಿ.

3. ಚೂರು, ಟೇಪು, ಕಾಗದ ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ.

4. ಹತ್ತಿರ ತೆರೆದಿಟ್ಟಿದ್ದ ಹಿಟ್ಟು, ಚಟ್ನಿ, ಪಲ್ಯ ಎಷ್ಟೇ ಇದ್ದರೂ ಎಸೆದುಬಿಡಿ. ಗಿರಾಕಿಯ ಆರೋಗ್ಯಕ್ಕಿಂತ ಅದು ದೊಡ್ಡದಲ್ಲ.

ಎಲ್ಲಿಗೆ ಕೊಡಬೇಕು?

ಭಂಗಾರದವನಿಗೆ ಬೇಡ. ಲೋಹಕ್ಕಾಗಿ ಗಾಜು ಒಡೆದರೆ ವಿಷ ಕುಡಿಯುವವನು ಅವನೇ. 2016ರ ಇ-ತ್ಯಾಜ್ಯ ನಿಯಮದಿಂದಲೇ ಪಾದರಸದ ದೀಪಗಳು ಇ-ತ್ಯಾಜ್ಯದ ಪಟ್ಟಿಯಲ್ಲಿವೆ. ನೋಂದಾಯಿತ ಮರುಬಳಕೆ ಘಟಕಕ್ಕೇ ಅವು ಹೋಗಬೇಕು. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ಹತ್ತು ಬಲ್ಬಿಗಾಗಿ ಯಾರೂ ಬರಲಿಕ್ಕಿಲ್ಲ. ಒಂದು ರಸ್ತೆಯ ನಾಲ್ಕೈದು ಹೋಟೆಲಿನವರು ಒಂದೇ ಕಡೆ ಕೂಡಿಟ್ಟರೆ ಕೆಲಸ ಸುಲಭ. ಒಡೆಯದಂತೆ ಹಳೆಯ ರಟ್ಟಿನ ಪೆಟ್ಟಿಗೆಯಲ್ಲಿಡಿ. ಎಲ್.ಇ.ಡಿ.ಯಲ್ಲಿ ಪಾದರಸವಿಲ್ಲ, ಆದರೆ ಕೆಟ್ಟ ಮೇಲೆ ಅದನ್ನೂ ಅದೇ ಪೆಟ್ಟಿಗೆಗೆ ಹಾಕಿ.

ಅನೇಕ ಹೋಟೆಲುಗಳಲ್ಲಿ ಹುಡುಗರು ರಾತ್ರಿ ಮಲಗುವುದು ಅದೇ ಅಟ್ಟದಲ್ಲಿ. ಪೆಟ್ಟಿಗೆಯನ್ನು ಅವರ ತಲೆದೆಸೆಯಲ್ಲಿ ಇಡಬೇಡಿ.